ಡ್ರೈವರ್ ಸೀಟು ಬಿಟ್ಟ ದಿನ

ಧಾರವಾಡದ ಚನ್ನವೀರಪ್ಪ ಮೂವತ್ತಾರು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಒಂದೂ ಅಪಘಾತವಿಲ್ಲದೆ ನಿವೃತ್ತರಾದವರು.

ಡಿಪೋದಲ್ಲಿ ಹಾರ ಹಾಕಿ, ಶಾಲು ಹೊದಿಸಿ ಕಳುಹಿಸಿಕೊಟ್ಟರು. ಮನೆಗೆ ಬಂದ ಮೇಲೆ ಅವರಿಗೆ ಒಂದು ಸಂಗತಿ ಗೊತ್ತಾಯಿತು...

ಆ ಮನೆ ಅವರಿಲ್ಲದೆ ನಡೆಯುವುದನ್ನು ಎಂದೋ ಕಲಿತುಬಿಟ್ಟಿತ್ತು.

ಹೆಂಡತಿ ನೀಲವ್ವ ಹೊತ್ತಿಗೆ ಸರಿಯಾಗಿ ಚಹಾ ಕೊಡುತ್ತಿದ್ದಳು, ರೊಟ್ಟಿ ಬಡಿಸುತ್ತಿದ್ದಳು. ಮಾತು ಮಾತ್ರ "ಇನ್ನೊಂದು ಹಾಕ್ಲಿ?", "ಸಾಕು" ಎನ್ನುವಲ್ಲಿಗೆ ಮುಗಿಯುತ್ತಿತ್ತು.

ಸಂಜೆ ಓಣಿಯ ಹೆಂಗಸರೊಂದಿಗೆ ಕಟ್ಟೆಯ ಮೇಲೆ ಕೂತು ನೀಲವ್ವ ನಗುವುದು ಒಳಗೆ ಕೇಳಿಸುತ್ತಿತ್ತು. ಇವರು ಹೊರಗೆ ಕಾಲಿಟ್ಟರೆ ಆ ನಗು ನಿಂತುಹೋಗುತ್ತಿತ್ತು... ಏನೋ ಮರೆತವರಂತೆ ಚನ್ನವೀರಪ್ಪ ಮತ್ತೆ ಒಳಗೆ ಹೋಗುತ್ತಿದ್ದರು.

ಮದುವೆಯಾಗಿ ಮೂವತ್ತೈದು ವರ್ಷ ತುಂಬಿತೆಂದು ಮಗಳು ಸವಿತಾ ಇಬ್ಬರಿಗೂ ಶ್ರೀಲಂಕಾಕ್ಕೆ ವಿಮಾನದ ಟಿಕೆಟ್ ತೆಗೆಸಿಕೊಟ್ಟಳು. ನಾಲ್ಕು ದಿನದ ಪ್ರವಾಸ.

"ಅಲ್ಲಿ ಎಲ್ಲೆಲ್ಲಿ ತಿರುಗಾಡೋದು ಅಂತ ನೀವಿಬ್ರೂ ಕೂತು ಪ್ಲ್ಯಾನ್ ಮಾಡ್ರಿ ಅಪ್ಪಾ" ಎಂದಳು.

ಚನ್ನವೀರಪ್ಪ ಒಬ್ಬರೇ ಕೂತರು.

ಫೋನಿನಲ್ಲಿ ವಿಡಿಯೋ ನೋಡಿದರು. ಕ್ಯಾಂಡಿಯಿಂದ ನುವಾರಾ ಎಲಿಯಾಕ್ಕೆ ಏರುವ ಘಾಟ್ ರಸ್ತೆ... ಎರಡೂ ಕಡೆ ಚಹಾ ತೋಟ, ತಿರುವಿಗೊಂದು ಜಲಪಾತ. ಎಷ್ಟು ಕಿಲೋಮೀಟರ್, ಎಲ್ಲಿ ಊಟ, ಎಲ್ಲಿ ವಸತಿ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

"ನಿನಗ ಗುಡ್ಡ ಬೇಕೋ, ಸಮುದ್ರ ಬೇಕೋ?" ಎಂದು ಒಮ್ಮೆ ಹೆಂಡತಿಯನ್ನು ಕೇಳಿದರು.

"ನಿಮಗ ತಿಳದಂಗ ಮಾಡ್ರಿ" ಎಂದು ಆಕೆ ಅಡುಗೆಮನೆಗೆ ಹೋದಳು.

ಹೊರದೇಶದಲ್ಲಿ ಕಾರು ಓಡಿಸಲು ಬೇಕಾದ ಪರ್ಮಿಟ್ಟನ್ನೂ ಆರ್‌ಟಿಓ ಆಫೀಸಿಗೆ ನಾಲ್ಕು ಸಲ ಅಲೆದು ಮಾಡಿಸಿಕೊಂಡರು. ಅಂದು ಮನೆಗೆ ಬಂದಾಗ ಅವರ ಮುಖದಲ್ಲಿ ಬಹಳ ದಿನಗಳ ಮೇಲೆ ಕಳೆ ಇತ್ತು.

"ಇಲ್ಲಿ ನೋಡು... ಅಲ್ಲಿ ಕಾರು ಬಾಡಿಗಿ ತಗೊಂಡು ನಾನ ಹೊಡೀತೀನಿ. ಇಷ್ಟ ವರ್ಷ ಮಂದೀನ್ನ ತಿರುಗಿಸೀನಿ, ಇನ್ನ ನಿನ್ನ ತಿರುಗಸ್ತೀನಿ."

ನೀಲವ್ವ ಪರ್ಮಿಟ್ ಕಡೆ ನೋಡಲೂ ಇಲ್ಲ.

"ನೀವು ಗಾಡಿ ಹೊಡಿಯೋದಾದ್ರ ನಾ ಬರಂಗಿಲ್ರಿ."

ಚನ್ನವೀರಪ್ಪನವರಿಗೆ ಕೆನ್ನೆಗೆ ಹೊಡೆದಂತಾಯಿತು. ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಹಿಂದೆ ಕೂತ ಐವತ್ತು ಜನ ತಮ್ಮನ್ನು ನಂಬಿ ನಿದ್ದೆ ಮಾಡುತ್ತಿದ್ದರು... ಸ್ವಂತ ಹೆಂಡತಿಗೇ ನಂಬಿಕೆಯಿಲ್ಲ.

ನಾಲ್ಕನೆಯ ದಿನ ತಡೆಯಲಾಗಲಿಲ್ಲ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ನೀಲವ್ವನ ಎದುರು ಹೋಗಿ ನಿಂತರು.

"ನನ್ನ ಮ್ಯಾಲ ಅಷ್ಟೂ ಭರೋಸಾ ಇಲ್ಲೇನು ನಿನಗ?"

ಆಕೆಯ ಕೈ ಮೊರದಲ್ಲೇ ನಿಂತಿತು.

"ಭರೋಸಾದ ಮಾತಲ್ರಿ... ಮದುವ್ಯಾದ ವರ್ಷ ನಿಮ್ಮ ಬಸ್ಸಿನಾಗ ಕಾರವಾರಕ್ಕ ಕರಕೊಂಡು ಹೋಗಿದ್ರಿ, ನೆನಪೈತಿ? ನಾವಿಬ್ರೂ ಕೂಡಿ ದೂರ ಹೋಗಿದ್ದು ಅದೊಂದ ಸಲ."

"ಹೂಂ... ಮುಂದಿನ ಸೀಟ್‌ನ್ಯಾಗ ಕುಂದ್ರಿಸಿದ್ದೆ."

"ಘಾಟಿನಾಗ ಮಂಜು ಬಿದ್ದಿತ್ತು. ಎಷ್ಟ ಚಂದಿತ್ತು... 'ನೋಡ್ರಿ ಅಲ್ಲಿ' ಅಂತ ಅನ್ನಬೇಕು ಅನಸ್ತು. ನನ್ನ ಮುಂದ ಬೋರ್ಡ್ ಬರದಿದ್ರು, 'ಚಾಲಕರೊಂದಿಗೆ ಮಾತನಾಡಬೇಡಿ' ಅಂತ. ಊರು ಮುಟ್ಟೋ ತನಕ ನಿಮ್ಮ ಬೆನ್ನ ನೋಡ್ಕೋತ ಕುಂತೆ."

ನೀಲವ್ವನ ದನಿ ತಗ್ಗಿತು.

"ಅಲ್ಲಿ ಹೋದ್ರೂ ನೀವು ರಸ್ತೆನ ನೋಡ್ತೀರಿ. ಗುಡ್ಡ ನಾ ಒಬ್ಬಾಕಿ ನೋಡಬೇಕು... ಒಬ್ಬಾಕಿ ಕುಂದ್ರಾಕ ಅಷ್ಟ ದೂರ ಯಾಕ ಹೋಗಬೇಕ್ರಿ? ಇಲ್ಲೇ ಕುಂತೀನಲ್ಲ."

ಚನ್ನವೀರಪ್ಪ ಅಲ್ಲೇ ನೆಲದ ಮೇಲೆ ಕೂತರು. ಮೊರ ತಮ್ಮ ಕಡೆ ಎಳೆದುಕೊಂಡು, ಕಲ್ಲು ಆರಿಸತೊಡಗಿದರು.

ಸಂಜೆ ಮಗಳಿಗೆ ಫೋನ್ ಮಾಡಿದರು. "ಸವಿತಾ, ಅಲ್ಲಿ ಒಬ್ಬ ಡ್ರೈವರ್‌ನ್ನ ಗೊತ್ತ ಮಾಡವ್ವ."

ಶ್ರೀಲಂಕಾದ ಘಾಟಿಯಲ್ಲಿ ಇಬ್ಬರೂ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಪ್ರತಿ ತಿರುವಿನಲ್ಲೂ ಚನ್ನವೀರಪ್ಪನವರ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು. ಅದನ್ನು ಕಂಡು ನೀಲವ್ವ ನಕ್ಕಳು. ಆ ನಗು ಈ ಸಲ ನಿಲ್ಲಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ, ಕಿಟಕಿಯಾಚೆ ಚಹಾ ತೋಟ ನೋಡುತ್ತಲೇ ಆಕೆ ಹೇಳಿದಳು...

"ಸವಿತಾ ಹುಟ್ಟಿದ ಎರಡ ವರ್ಷಕ್ಕ ಇನ್ನೊಂದು ಹೊಟ್ಟ್ಯಾಗ ನಿಂತಿತ್ರಿ. ನಿಮಗ ಹೇಳಬೇಕು ಅನ್ನೋದ್ರಾಗ ಹೋತು. ನೀವು ಡ್ಯೂಟಿ ಮ್ಯಾಲಿದ್ರಿ."

ಚನ್ನವೀರಪ್ಪ ಆಕೆಯ ಕಡೆ ತಿರುಗಿದರು.

"ಆಮ್ಯಾಲರ ಯಾಕ ಹೇಳಲಿಲ್ಲ, ನೀಲಾ?"

"ಗಾಡಿ ಹೊಡಿಯುವಾಗ ನೆನಪಾದ್ರ...? ಹಿಂದ ಐವತ್ತ ಮಂದಿ ಇರ್ತಿದ್ರಲ್ರಿ. ಈಗ ನಿಮ್ಮ ಕೈಯಾಗ ಸ್ಟೇರಿಂಗ್ ಇಲ್ಲ... ಅದಕ್ಕ ಹೇಳಿದೆ."

ಮುಂದೆ ಕೂತ ಡ್ರೈವರ್ ದೊಡ್ಡ ಜಲಪಾತವೊಂದರ ಎದುರು ಕಾರು ನಿಲ್ಲಿಸಿ, ಇಳಿದು ನೋಡಿ ಎಂದು ಕೈಸನ್ನೆ ಮಾಡಿದ.

ಇಬ್ಬರೂ ಇಳಿಯಲಿಲ್ಲ. ಚನ್ನವೀರಪ್ಪ ಹೆಂಡತಿಯ ಎರಡೂ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದರು... ಇಪ್ಪತ್ತೊಂಬತ್ತು ವರ್ಷ ಅವಳು ಒಬ್ಬಳೇ ಅತ್ತಿದ್ದ ಅಳು ಅದು.

* * *

ಎಲ್ಲಿಗೆ ಕರೆದೊಯ್ದರು ಎನ್ನುವುದನ್ನು ಮನಸ್ಸು ಮರೆಯುತ್ತದೆ. ಪಕ್ಕದಲ್ಲಿ ಕೂತು ಕೇಳಿದವರನ್ನು ಮರೆಯುವುದಿಲ್ಲ.

ನಿಮಗೆ ತೊಂದರೆಯಾಗಬಾರದೆಂದು ನಿಮ್ಮ ಮನೆಯಲ್ಲಿ ಯಾರಾದರೂ ಒಂದು ಮಾತನ್ನು ನುಂಗಿಕೊಂಡು ಕೂತಿದ್ದಾರೆಯೇ... ನೀವು ಅವರನ್ನು ಕೊನೆಯ ಸಲ ಕೇಳಿದ್ದು ಯಾವಾಗ?