ಚನ್ನಪ್ಪನ ಜಿಪಿಎಸ್ಸಿಗೆ ಕುಂಕುಮ

ಸಮಸ್ತ ಮಹಾಜನರ ಗಮನಕ್ಕೆ: ಆಸ್ಪತ್ರೆಯ ಗೇಟಿನ ಕಂಪ್ಯೂಟರಿಗೆ ಹೊಸ, ಉದ್ದನೆಯ ಕೇಬಲ್ ಬಂದಿರುವುದನ್ನು ಅತ್ಯಂತ ಹರ್ಷದಿಂದ ಪ್ರಕಟಿಸಲಾಗಿದೆ. ಹಳೆಯ ಕೇಬಲ್ಲನ್ನು ಹಾರ ಹಾಕಿ ಬೀಳ್ಕೊಡಲಾಯಿತು.

ಹೊಸ ಕೇಬಲ್ ಸಿಕ್ಕಿಸಿದರೂ ಚನ್ನಪ್ಪನ ಕೊರಳಿಗೆ ಸರ್ಕಾರ ಕಟ್ಟಿದ್ದ ಜಿಪಿಎಸ್ ಕಂಪ್ಯೂಟರಿಗೆ ಕಾಣಲಿಲ್ಲ. ಜಿಪಿಎಸ್ ಕಾಣದವನು ಸರ್ಕಾರದ ಪಾಲಿಗೆ ಎಲ್ಲಿಯೂ ಇಲ್ಲದವನು. ಎಲ್ಲಿಯೂ ಇಲ್ಲದವನಿಗೆ ಗೇಟು ತೆರೆಯುವುದಿಲ್ಲ. ಚನ್ನಪ್ಪ ಗೇಟಿನ ಸೂರಿನ ಕೆಳಗೆ, ಸ್ಟ್ರೆಚರಿನ ಮೇಲೆ ಎದೆ ಹಿಡಿದುಕೊಂಡು ನರಳುತ್ತಿದ್ದ.

“ಯಕ್ಕಾ, ಇದಕ್ಕ ಏನ್ ಮಾಡೀರಿ?” ಗೇಟಿನ ಮೆಕ್ಯಾನಿಕ್ ಮೌಲಾಲಿ ಕೇಳಿದ.

“ಆಯುಧಪೂಜಿಗೆ ಕುಂಕುಮ ಹಚ್ಚೇನಿ ತಮ್ಮಾ,” ಎಂದಳು ಚನ್ನಪ್ಪನ ಹೆಂಡತಿ ನೀಲವ್ವ.

“ಹಣಿಗೆ ಹಚ್ಚೋದನ್ನ ಬಾಯಾಗ ತುರುಕೀರಲ್ರಿ!”

ಮೌಲಾಲಿ ಜಿಪಿಎಸ್ಸಿಗೆ ಕೇಬಲ್ ಸಿಕ್ಕಿಸುವ ತೂತನ್ನು ಸೂಜಿಯಿಂದ ಕೆರೆದು, ಕೇಬಲ್ ಮತ್ತೆ ಸಿಕ್ಕಿಸಿದ. ಕೆಂಪು ಪುಡಿ ಉದುರಿತು. ಕಂಪ್ಯೂಟರು ಟಿಂಗ್ ಎಂದಿತು.

“ಬಂತ್ ನೋಡ್ರಿ!”

“ಗೇಟ್ ತಗಿಯಪ್ಪ, ನಿನ್ನ ಕಾಲಿಗೆ ಬೀಳ್ತೀನಿ.”

“ತಡೀರಿ, ಸೂರಿನ ಕೆಳಗ ಉಪಗ್ರಹ ಸಿಗಂಗಿಲ್ಲ. ಬಯಲಿಗೆ ತಳ್ರಿ.”

ಇಬ್ಬರೂ ಕೇಬಲ್ ಸಮೇತ ಸ್ಟ್ರೆಚರನ್ನು ರಸ್ತೆಯ ಬಿಸಿಲಿಗೆ ತಳ್ಳಿದರು. ಜಿಪಿಎಸ್ಸಿನ ಹಸಿರು ದೀಪ ಹತ್ತಿತು. ಚನ್ನಪ್ಪ ಎಲ್ಲಿದ್ದಾನೆಂದು ಕಂಪ್ಯೂಟರಿಗೆ ಕೊನೆಗೂ ಖಚಿತವಾಯಿತು. ಪರದೆಯ ಮೇಲೆ ಬರಹ ಮೂಡಿತು: “ರೋಗಿ ಆಸ್ಪತ್ರೆಯ ಹೊರಗಿದ್ದಾರೆ. ಚಿಕಿತ್ಸೆ ಆಸ್ಪತ್ರೆಯ ಒಳಗಿರುವವರಿಗೆ ಮಾತ್ರ.”

“ಹಂಗಾರ ಒಳಗ ಬಿಡೋ!”

“ಒಳಗ ಅದಾರ ಅಂತ ತೋರಿಸಿದ್ರ ಅಷ್ಟ ಗೇಟ್ ತಗೀತೈತಿ, ಯಕ್ಕಾ.”

ನೀಲವ್ವ ಗಂಡನ ಕಡೆ ತಿರುಗಿದಳು. ಅವನ ಎದೆಯ ಮೇಲೆ ಹಸಿರು ದೀಪ ಮಿಣುಕುತ್ತಲೇ ಇತ್ತು. ಎದೆ ಏಳುತ್ತಿರಲಿಲ್ಲ.