ಪೂರ್ತಿ ಕಿವುಡು

"ಕೇಳಿಸ್ತೈತೇನು ತಾತಾ?" ಎಂದು ತ್ರಿವೇಣಿ, ಮುದುಕನ ಕಿವಿಗೆ ಮಷೀನು ಸಿಕ್ಕಿಸಿ, ಮೆಲ್ಲಗೆ ಕೇಳಿದಳು. ಗಾದಿಲಿಂಗಪ್ಪ ಬೆಚ್ಚಿಬಿದ್ದ. "ಕೇಳಿಸ್ತು ಬಿಡವ್ವ. ಅಷ್ಟ್ಯಾಕ ಒದರ್ತಿ?" ಅಂದ. ಆಗಲೇ ಸ್ಟೇಷನ್ ಕಡೆಯಿಂದ ರೈಲು ಕೂಗಿತು. ಮುದುಕ ಆ ಕಡೆ ಹೊರಳಿ, ಕೂಗು ನಿಲ್ಲುವವರೆಗೂ ಹಾಗೆಯೇ ನಿಂತಿದ್ದ. ನಾಲ್ಕು ವರ್ಷದ ಮೇಲೆ ಅವನಿಗೆ ರೈಲು ಕೇಳಿಸಿದ್ದು ಅದೇ ಮೊದಲು.

ಅವನಿಗೆ ಬೇಕಾದದ್ದೂ ಅಷ್ಟೇ. ಹೋದ ವಾರ ರೈಲಿನ ಕೂಗು ಕೇಳದೆ ಹಳಿ ದಾಟಿಸಲು ಹೋಗಿ ಎರಡು ಕುರಿ ಕಳೆದುಕೊಂಡಿದ್ದ. "ನಾಳಿ ನೀನೂ ಹಂಗ ಹೋಗ್ತಿ. ಕಿವಿ ಸರಿ ಆಗಲಿಲ್ಲಂದ್ರ ಬರೋ ಸಂತ್ಯಾಗ ಕುರಿ ಅಷ್ಟೂ ಮಾರಿಬಿಡ್ತೀನಿ" ಎಂದು ಮಗಳು ಮಲ್ಲೇಶ್ವರಿ ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿದ್ದಳು. ಆರು ವರ್ಷದವನಿದ್ದಾಗಿನಿಂದ ಕುರಿ ಹಿಂದೆ ನಡೆದ ಮನುಷ್ಯ. ಕುರಿ ಹೋದ ಮೇಲೆ ಬೆಳಗಾದರೆ ಯಾವ ಕಡೆ ನಡೆಯಬೇಕು?

ಕೋಸಗಿಯ ಶಾಲೆ ಮೈದಾನದಲ್ಲಿ ಆದೋನಿಯ ಸೇವಾ ಸಮಿತಿಯವರು ಕಿವಿ ಮಷೀನು ಹಂಚಲು ಶಾಮಿಯಾನ ಹಾಕಿದ್ದರು. ಮುಂದಿನ ಸಾಲಿನಲ್ಲಿ ಇಪ್ಪತ್ತು ಮಂದಿ ಕಿವಿ ಮಂದವಾದವರು, ಒಬ್ಬೊಬ್ಬರ ಮಡಿಲಲ್ಲೂ ಟೇಪು ಸುತ್ತಿದ ಒಂದು ಡಬ್ಬಿ; ಬಿಚ್ಚಿದ್ದು ಗಾದಿಲಿಂಗಪ್ಪನದೊಂದನ್ನೇ. ಡಬ್ಬಿ ಮೇಲೆ ಅವರವರ ಹೆಸರು, ತ್ರಿವೇಣಿಯ ಅಕ್ಷರದಲ್ಲಿ. ಡಿಗ್ರಿ ಓದುವ ಹುಡುಗಿ, ರಜೆಯಲ್ಲಿ ಸಂಬಳವಿಲ್ಲದೆ ಸೇವೆಗೆ ಬಂದವಳು. ಒಂದು ತಿಂಗಳು ಬಿಸಿಲಲ್ಲಿ ಮನೆ ಮನೆ ತಿರುಗಿ, ಯಾರ ಕಿವಿ ಎಷ್ಟು ಮಂದ ಎಂದು ಪಟ್ಟಿ ಬರೆದಿದ್ದಳು. ಕಾರ್ಯದರ್ಶಿ ವಾಗೀಶ್ ಅದನ್ನು ನೋಡಿ, "ಸ್ವಲ್ಪ ಮಂದ, ಅರ್ಧ ಮಂದ ಅಂತ ಬರದ್ರ ಯಾರ ಕರುಳು ಕರಗ್ತೈತಮ್ಮ?" ಎಂದು ಎಲ್ಲವನ್ನೂ ಹೊಡೆದುಹಾಕಿದ್ದ. ಇಪ್ಪತ್ತು ಹೆಸರುಗಳ ಮುಂದೂ ತನ್ನ ಕೈಯಾರೆ 'ಪೂರ್ತಿ ಕಿವುಡು' ಎಂದು ಬರೆದಿದ್ದ. ಪೂರ್ತಿ ಕಿವುಡರಿಗೆ ಕೇಳಿಸಲೆಂದು ಎರಡು ದೊಡ್ಡ ಸ್ಪೀಕರನ್ನೂ ಬಾಡಿಗೆಗೆ ತಂದಿದ್ದ.

ಫೋಟೋ ತೆಗೆಯಲು ಗಾದಿಲಿಂಗಪ್ಪನನ್ನು ವೇದಿಕೆ ಹತ್ತಿಸಿ ಕೂರಿಸಿದರು. ಎಡಕ್ಕೆ ವಾಗೀಶ್, ಬಲಕ್ಕೆ ಮುಖ್ಯ ಅತಿಥಿ, ಹತ್ತಿ ವ್ಯಾಪಾರಿ ಸೋಮಶೇಖರಪ್ಪ. ಇಬ್ಬರೂ ಕ್ಯಾಮೆರಾ ಕಡೆ ಹಲ್ಲು ಬಿಟ್ಟುಕೊಂಡೇ ಮುದುಕನ ತಲೆಯ ಹಿಂದೆ ಮಾತಿಗಿಳಿದರು.

"ಇಪ್ಪತ್ತೂ ಮಷೀನು ತಂದಿಯೇನು ವಾಗೀಶ?"

"ಎಲ್ಲಿಂದ ತರ್ಲಿ ಸಾವ್ಕಾರ್ರ? ಶಾಮಿಯಾನ, ಫ್ಲೆಕ್ಸಿ, ಊಟಕ್ಕ ಬಂದ ರೊಕ್ಕ ಅಲ್ಲಿಗಲ್ಲಿಗೆ ಆತು. ಮಷೀನು ಇದೊಂದ. ಉಳಿದ ಡಬ್ಬ್ಯಾಗ ಥರ್ಮಾಕೋಲ್ ಐತಿ. ಮನಿಗೆ ಹೋಗಿ ಬಿಚ್ರಿ ಅಂತ ಹೇಳೀವಿ. ಅಷ್ಟರಾಗ ನಾವು ಆದೋನ್ಯಾಗ ಇರ್ತೀವಿ."

"ಇವನ ಕಿವ್ಯಾಗಿಂದು?"

"ಫೋಟೋ ಆದಮ್ಯಾಲ ತಕ್ಕೋತೀನಿ. ಬರೋ ವಾರ ನಂದವರಂದಾಗ ಇಂಥದ್ದ ಕಾರ್ಯಕ್ರಮ ಐತಿ, ಅಲ್ಲಿಗೂ ಇದ ಬೇಕಲ್ರಿ."

ಸೋಮಶೇಖರಪ್ಪ ಮೇಲೆ ಕಟ್ಟಿದ ಫ್ಲೆಕ್ಸಿಯನ್ನು ನೋಡಿದರು. "ಅದ್ರಾಗ ನನ್ನ ಫೋಟೋ ಸಣ್ಣದಾತು. ಏಯ್, ಮೆಲ್ಲಕ ಮಾತಾಡು, ಮುದುಕ ಕೇಳ್ಯಾನು."

"ಬಿಡ್ರಿ ಸಾವ್ಕಾರ್ರ, ಪೂರ್ತಿ ಕಿವುಡ ಅದಾನ. ಪಟ್ಟ್ಯಾಗ ಐತಲ್ಲ."

ಫೋಟೋ ಮುಗಿಯಿತು. ವಾಗೀಶ್ ಮೈಕನ್ನು ಗಾದಿಲಿಂಗಪ್ಪನ ಬಾಯಿಗೆ ಹಿಡಿದು ಕಿರುಚಿದ: "ಚೆಪ್ಪು ತಾತಾ! ಎಲ್ಲಾರಿಗೂ ಹೇಳು! ಈಗ ಹೆಂಗ ಕೇಳಿಸ್ತೈತಿ?"

"ಚೊಲೋ ಕೇಳಿಸ್ತೈತ್ರಿ," ಅಂದ ಗಾದಿಲಿಂಗಪ್ಪ. "ಈ ಕಡೆ ಕುಂತ ಸಾವ್ಕಾರ್ರು, ಫ್ಲೆಕ್ಸಿನ್ಯಾಗ ನನ್ನ ಫೋಟೋ ಸಣ್ಣದಾತು ಅಂದ್ರು. ಈ ಕಡೆ ಕುಂತ ಸಾರು, ಮಷೀನು ಇದೊಂದ, ಉಳಿದ ಡಬ್ಬ್ಯಾಗ ಥರ್ಮಾಕೋಲ್ ಐತಿ ಅಂದ್ರು. ಇದನ್ನೂ ಈಗ ಕಸ್ಕೊಂಡು ನಂದವರಂಗೆ ಒಯ್ತಾರಂತ. ಭಾಳ ಚೊಲೋ ಮಷೀನ್ರೀ. ಪಿಸುಮಾತೂ ಬಿಡಂಗಿಲ್ಲ."

ಮುಂದಿನ ಸಾಲಿನವರಿಗೆ ಸ್ಪೀಕರಿನ ಸದ್ದು ಬಿಟ್ಟು ಏನೂ ತಿಳಿಯಲಿಲ್ಲ. ಮೈಕು ಹಿಡಿದವರಿಗೆಲ್ಲ ಚಪ್ಪಾಳೆ ತಟ್ಟಬೇಕೆಂದು ಬೆಳಿಗ್ಗೆಯೇ ಕಲಿಸಿದ್ದರು. ಜೋರಾಗಿ ತಟ್ಟಿದರು. ಆದರೆ ಅವರನ್ನು ಕರೆತಂದ ಮಕ್ಕಳು, ಸೊಸೆಯಂದಿರು ಹಿಂದೆ ಕುಳಿತಿದ್ದರು. ಅವರ ಕಿವಿ ಚೆನ್ನಾಗಿದ್ದವು. ಎದ್ದು ಬಂದು ಟೇಪು ಹರಿಯತೊಡಗಿದರು.

ಗಾದಿಲಿಂಗಪ್ಪ ಕೋಲು ಹಿಡಿದು ವೇದಿಕೆ ಇಳಿದವನು ಹಳಿ ಕಡೆ ನಡೆದ. ಕುರಿಗಳು ಆ ಕಡೆ ಇದ್ದವು.

"ಏಯ್ ಮುದುಕಾ! ಮಷೀನು!" ವಾಗೀಶ್ ಮೈಕಿನಲ್ಲೇ ಕೂಗಿದ. ಎರಡೂ ಸ್ಪೀಕರ್ ಊರು ನಡುಗುವಂತೆ ಕೂಗಿದವು. ಮುದುಕ ಹೊರಳಲಿಲ್ಲ. "ತ್ರಿವೇಣೀ, ಏನ್ ನೋಡ್ತಾ ನಿಂತಿ? ಹೋಗು, ಕೂಗಿ ನಿಲ್ಸು ಅವನ್ನ!"

ಮುಂದಿನ ಸಾಲಿನಲ್ಲಿ ಕುಳಿತಿದ್ದ ಗುರುಬಸಮ್ಮ ಒಂದು ಥರ್ಮಾಕೋಲ್ ತುಂಡನ್ನು ಕಿವಿಗೆ ಒತ್ತಿಕೊಂಡು, ಸರಿಯಾಗಿದೆಯೇ ಎಂಬಂತೆ ತ್ರಿವೇಣಿಯನ್ನೇ ನೋಡುತ್ತಿದ್ದಳು. ತ್ರಿವೇಣಿ ಅವಳ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು. ಆಮೇಲೆ ಶಾಮಿಯಾನದ ಅಂಚಿಗೆ ಹೋಗಿ ನಿಂತು, ಅಷ್ಟೇ ಮೆಲ್ಲಗೆ ಅಂದಳು: "ತಾತಾ, ಹಳಿ ಹತ್ರ ಹುಷಾರು."

ಅಷ್ಟು ದೂರದಿಂದ, ಹೊರಳದೆಯೇ, ಗಾದಿಲಿಂಗಪ್ಪ ಕೋಲು ಎತ್ತಿ ತೋರಿಸಿದ.

"ಇನ್ನೂ ಜೋರಾಗಿ ಕೂಗಬೇ!" ವಾಗೀಶ್ ಹಿಂದಿನಿಂದ ಅರಚಿದ.

"ಎಷ್ಟು ಕೂಗಿದ್ರೂ ಅಷ್ಟ ಸಾರ್," ಅಂದಳು ತ್ರಿವೇಣಿ. "ಪೂರ್ತಿ ಕಿವುಡು ಅಂತ ನೀವ ಬರದೀರಲ್ಲ."