ಹೆಬ್ಬೆಟ್ಟಿನ ಒಪ್ಪಿಗೆ

ಒಪ್ಪಿಗೆ ಪತ್ರದ ಕೆಳಗಿದ್ದ ನೀಲಿ ಹೆಬ್ಬೆಟ್ಟನ್ನು ಕಂಡು ವಕೀಲೆ ಗಾರ್ಗಿಯ ಕೈ ನಿಂತುಹೋಯಿತು. ಸೋಲಾರ್ ಪಾರ್ಕಿಗೆ ಬ್ಯಾಂಕು ಸಾಲ ಕೊಡಬೇಕಾದರೆ, ಜಮೀನಿನ ಕಾಗದಗಳೆಲ್ಲ ಸರಿಯಾಗಿವೆಯೆಂದು ಅವಳು ಬರೆದುಕೊಡಬೇಕಿತ್ತು. ಆರುನೂರು ಎಕರೆಯ ನಟ್ಟನಡುವಿನ ನಾಲ್ಕೆಕರೆ ಸಾವಂತ್ರೆವ್ವ ಟೀಚರದ್ದು. ರಾಯಾಪುರದ ಶಾಲೆಯಲ್ಲಿ ಗಾರ್ಗಿಯ ಕೈಹಿಡಿದು ಅಕ್ಷರ ತಿದ್ದಿಸಿದವರು ಅವರೇ.

“ಇವರು ಹೆಬ್ಬೆಟ್ಟು ಯಾಕ ಒತ್ಯಾರ್ರಿ?” ಎಂದು ಕೇಳಿದಳು.

“ಓದು ಬರಹ ಇಲ್ಲದ ಮುದುಕಿ ಅಂತರಿ, ಮೇಡಂ,” ಎಂದ ಕಂಪನಿಯ ರೋಹಿತ. “ನಮ್ಮ ಏಜೆಂಟ್ ಮನಿಗೇ ಹೋಗಿ ಒತ್ತಿಸ್ಕೊಂಡು ಬಂದಾನ.”

ಗಾರ್ಗಿ ಸ್ಟಾಂಪ್ ಪೇಪರ್ ಕೊಂಡ ತಾರೀಖು ನೋಡಿದಳು. ಟೀಚರು ನಸುಕಿನಲ್ಲೇ ತೀರಿಕೊಂಡ ದಿನ ಅದು. ಆ ಮಧ್ಯಾಹ್ನ ಅವಳೂ ಹೋಗಿದ್ದಳು. ಹೂಗಳ ನಡುವಿನ ಕೈ ಮುಟ್ಟಿದಾಗ ಹೆಬ್ಬೆರಳಿಗೆ ನೀಲಿ ಮಸಿ ಹತ್ತಿದ್ದು ಕಂಡಿತ್ತು. ಕೊನೆಯವರೆಗೂ ಏನೋ ಬರೆಯುತ್ತಿದ್ದರೆಂದುಕೊಂಡು ಇನ್ನಷ್ಟು ಅತ್ತಿದ್ದಳು. ಈಗ ಆ ತಣ್ಣನೆಯ ಬೆರಳು ಮತ್ತೆ ತನ್ನ ಅಂಗೈಯೊಳಗೆ ಬಂದಂತಾಯಿತು. ಜೀವ ಹೋದ ಮೇಲೆ ಯಾರೋ ಅದನ್ನು ಮಸಿಯಲ್ಲಿ ಅದ್ದಿ, ಈ ಕಾಗದಕ್ಕೆ ಒತ್ತಿದ್ದರು.

“ಇದೊಂದರ ಸಲುವಾಗಿ ಸಾಲ ನಿಲ್ಲಿಸಬ್ಯಾಡ್ರಿ. ಅವರ ಮನಿಯವ್ರೂ ಸುಮ್ಮನದಾರ,” ಎಂದ ರೋಹಿತ ಮೆಲ್ಲಗೆ.

“ನನಗ ಸುಮ್ಮನಿರಾಕ ಆಗಂಗಿಲ್ರಿ.”

ಬರೆದರೆ ನಾಳೆ ಕೋರ್ಟಿನಲ್ಲಿ ತಾನೇ ಸಾಕ್ಷಿ ನಿಲ್ಲಬೇಕಾದೀತೆಂದು ಅವಳಿಗೆ ಗೊತ್ತಿತ್ತು. ಆದರೂ ಬ್ಯಾಂಕಿಗೆ ಹೋಗುವ ಹಾಳೆಯನ್ನು ಎಳೆದುಕೊಂಡು, ಬರೆದಳು: ‘ಈ ಹೆಬ್ಬೆಟ್ಟು ಒತ್ತಿಸಿಕೊಂಡಾಗ ಜಮೀನಿನ ಒಡತಿ ಬದುಕಿರಲಿಲ್ಲ. ಆ ಬೆರಳಿನ ಮಸಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ.’